ಒಂದೂವರೆ ಕೆಜಿ ಗಾಂಜಾ ಕೇಸ್: 10 ವರ್ಷ ಖಚಿತ ಅಂತೇನಿಲ್ಲ

ತಮ್ಮನ ಬ್ಯಾಗಲ್ಲಿ ಒಂದೂವರೆ ಕೆಜಿ ಗಾಂಜಾ ಸಿಕ್ಕಿದೆ, 10 ವರ್ಷ ಜೈಲು ಗ್ಯಾರಂಟಿನಾ ಅಂತ ಕೇಳಿದ್ದೀರಿ. ಇಲ್ಲ, ಧೈರ್ಯವಾಗಿರಿ. ಅಷ್ಟು ತೂಕಕ್ಕೆ 10 ವರ್ಷ ಅನ್ನೋದು ಗರಿಷ್ಠ, ದಂಡ 1 ಲಕ್ಷದವರೆಗೆ. ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯಲ್ಲಿ ಕನಿಷ್ಠವೇ 10 ವರ್ಷ ಆಗುವುದು 20 ಕೆಜಿ ದಾಟಿದಾಗ. ಜಾಮೀನಿಗೆ 37ನೇ ಸೆಕ್ಷನ್ನಿನ ಬಿಗಿ ಷರತ್ತೂ ಅವನಿಗೆ ಬರಲ್ಲ.

ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಎದುರೇ ತಪಾಸಣೆ ಮಾಡಿ ಅಂತ ಕೇಳುವ ಹಕ್ಕು ಕೊಡುವ 50ನೇ ಸೆಕ್ಷನ್ ಪಾಲಿಸಿಲ್ಲ ಅನ್ನೋದನ್ನೇ ನಂಬಿ ಕೂರಬೇಡಿ. ಅದು ಮೈ ತಪಾಸಣೆಗೆ ಮಾತ್ರ, ಬ್ಯಾಗಿಗಲ್ಲ. ಈ ಥರದ ಕೇಸ್ ನಡೆಸಿರುವ ವಕೀಲರಿಂದ ಪಂಚನಾಮೆ ಓದಿಸಿ. ತೂಕ ಹಾಕಿದ್ದು ಬರೀ ಹೂವಿನ ತುದಿಗಳನ್ನಾ, ಅಥವಾ ಎಲೆ, ಬೀಜ, ಕಡ್ಡಿ ಎಲ್ಲ ಸೇರಿಸಿಯಾ? ತುದಿ ಇಲ್ಲದ ಬರೀ ಎಲೆ, ಬೀಜ ಕಾಯ್ದೆ ಪ್ರಕಾರ ಗಾಂಜಾ ಅಲ್ಲ. ಸ್ಯಾಂಪಲ್ ತೆಗೆದದ್ದು ಮ್ಯಾಜಿಸ್ಟ್ರೇಟ್ ಎದುರಿಗಾ ಅಂತಲೂ ನೋಡಿ. ಠಾಣೆಯಲ್ಲಿ ಬರೆಸಿಕೊಂಡ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲಲ್ಲ.