ಸಂಪಾದಕರ ಉತ್ತರ: ಬಿಟ್ಟುಹೋದ ಎರಡು ಅಕ್ಷರ

“ಸಂಪಾದಕರೇ, 2017ರಲ್ಲಿ ನೀವು ‘ರಷ್ಯಾ ಗೆಲ್ಲಿಸಿದ ಅಧ್ಯಕ್ಷ’ ಅಂತ ತಲೆಬರಹ ಕೊಟ್ಟು ಮುಖಪುಟ ಲೇಖನ ಹಾಕಿದ್ದಿರಿ. ಕತ್ತರಿಸಿ ಇಟ್ಟುಕೊಂಡಿದ್ದೇನೆ. ಹೋದ ತಿಂಗಳು ನಿಮ್ಮದೇ ಅಂಕಣಕಾರರು ಅದೆಲ್ಲ ಕಟ್ಟುಕಥೆ ಅಂತ ಬರೆದಿದ್ದಾರೆ. ನ್ಯೂಜೆರ್ಸಿಯಲ್ಲಿರುವ ನನ್ನ ಮಗಳು ಮೊದಲನೆಯದು ಸರಿ ಅಂತಾಳೆ. ಅಳಿಯಂದಿರು ಎರಡನೆಯದು ಸರಿ ಅಂತಾರೆ. ವಿಡಿಯೋ ಕಾಲ್‌ನಲ್ಲಿ ಮೊಮ್ಮಗನ ಮುಖ ನೋಡೋಣ ಅಂದರೆ ಇವರಿಬ್ಬರ ವಾದ. ಯಾವುದನ್ನು ನಂಬಲಿ? ಇನ್ನೊಂದು ಮಾತು. ಊರೆಲ್ಲ ಇದೇ ಕೆಲಸ ಮಾಡಿಕೊಂಡು ಬಂದ ಅಮೆರಿಕಕ್ಕೆ ಈಗ ಅಳುವ ಹಕ್ಕು ಎಲ್ಲಿಂದ ಬಂತು?”
— ನಿವೃತ್ತ ಶಿಕ್ಷಕರೊಬ್ಬರು, ಹಾಸನ (ಹೆಸರು ಬೇಡ ಎಂದಿದ್ದಾರೆ)

ಮೇಷ್ಟ್ರೇ, ನಮಸ್ಕಾರ.

ಹಳೇ ಸಂಚಿಕೆ ತೆಗೆಸಿ ನೋಡಿದೆ. ಆ ತಲೆಬರಹ ಕೊಟ್ಟವನು ನಾನೇ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮಗಳೂ ಅಳಿಯಂದಿರೂ ಒಂದೇ ಪ್ರಶ್ನೆಗೆ ಎರಡು ಉತ್ತರ ಕೊಡುತ್ತಿಲ್ಲ ಅನ್ನೋದು ನನ್ನ ಅನುಮಾನ. ರಷ್ಯಾ 2016ರ ಚುನಾವಣೆಯಲ್ಲಿ ಕೈಯಾಡಿಸಿತೇ ಅನ್ನೋದು ಒಂದು ಮಾತು. ಟ್ರಂಪ್ ಕಡೆಯವರು ಅದರ ಜೊತೆ ಸೇರಿ ಸಂಚು ಮಾಡಿದರೇ ಅನ್ನೋದು ಬೇರೆ ಮಾತು. ಟ್ರಂಪ್ ಗೆದ್ದದ್ದು ಅದರಿಂದಲೇನಾ ಅನ್ನೋದು ಇನ್ನೂ ಬೇರೆ. ಮಗಳು ಮೊದಲನೆಯದಕ್ಕೆ ‘ಹೌದು’ ಅಂದಾಗ ಅಳಿಯಂದಿರು ಎರಡನೆಯದಕ್ಕೆ ‘ಇಲ್ಲ’ ಅನ್ನುತ್ತಿರಬೇಕು. ಹೀಗಾದರೆ ಜಗಳ ಎಲ್ಲಿ ಮುಗಿಯುತ್ತೆ?

ಮೊದಲನೆಯದರಲ್ಲಿ ನನಗೆ ಅನುಮಾನವೇ ಇಲ್ಲ. ಒಂದು ದಿನದ ಕಥೆ ಹೇಳುತ್ತೇನೆ ಕೇಳಿ. 2016ರ ಮೇ 21. ಟೆಕ್ಸಾಸ್ ರಾಜ್ಯದ ಹೂಸ್ಟನ್ ನಗರ. ಅಲ್ಲೊಂದು ಇಸ್ಲಾಮಿಕ್ ಕೇಂದ್ರದ ಮುಂದಿನ ರಸ್ತೆ. ಒಂದು ಬದಿಯಲ್ಲಿ ‘ಟೆಕ್ಸಾಸ್‌ನ ಇಸ್ಲಾಮೀಕರಣ ನಿಲ್ಲಿಸಿ’ ಅನ್ನುವ ಗುಂಪು. ಎದುರು ಬದಿಯಲ್ಲಿ ಅವರನ್ನು ವಿರೋಧಿಸಲು ಬಂದ ಇನ್ನೊಂದು ಗುಂಪು. ಮೊದಲ ಗುಂಪನ್ನು ಕರೆದದ್ದು ‘ಹಾರ್ಟ್ ಆಫ್ ಟೆಕ್ಸಾಸ್’ ಎಂಬ ಫೇಸ್‌ಬುಕ್ ಪುಟ. ಅದೇ ದಿನ, ಅದೇ ಹೊತ್ತಿಗೆ, ಅದೇ ಜಾಗಕ್ಕೆ ಇನ್ನೊಂದು ಸಭೆ ಕರೆದದ್ದು ‘ಯುನೈಟೆಡ್ ಮುಸ್ಲಿಮ್ಸ್ ಆಫ್ ಅಮೆರಿಕ’ ಎಂಬ ಪುಟ. ಎರಡಕ್ಕೂ ಲಕ್ಷಗಟ್ಟಲೆ ಹಿಂಬಾಲಕರಿದ್ದರು. ಎರಡನ್ನೂ ನಡೆಸುತ್ತಿದ್ದದ್ದು ಮಾತ್ರ ಒಂದೇ ಸಂಸ್ಥೆ. ಅದು ಇದ್ದದ್ದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ, ಸವುಷ್ಕಿನಾ ಬೀದಿಯಲ್ಲಿ. ಅಮೆರಿಕದ ಸೆನೆಟ್ ಸಮಿತಿ ಇದನ್ನು ಬಯಲು ಮಾಡಿದಾಗ ಜಾಹೀರಾತಿನ ಖರ್ಚನ್ನೂ ಹೇಳಿತು: ಸುಮಾರು 200 ಡಾಲರ್. ಆಗಿನ ಲೆಕ್ಕದಲ್ಲಿ ನಮ್ಮ 13,000 ರೂಪಾಯಿ ಚಿಲ್ಲರೆ. ನಮ್ಮ ಕಡೆ ಒಂದು ಸಣ್ಣ ಆರ್ಕೆಸ್ಟ್ರಾ ಕೂಡ ಅಷ್ಟಕ್ಕೆ ಬರೋದಿಲ್ಲ.

ಬೀದಿಗೆ ಬಂದವರು ಅಪ್ಪಟ ಅಮೆರಿಕನ್ನರು. ಅವರ ಸಿಟ್ಟೂ ಅಪ್ಪಟ. ಕರೆದವರು ಮಾತ್ರ ನಕಲಿ. ರಷ್ಯಾ ಆ ಸಿಟ್ಟನ್ನು ಹುಟ್ಟಿಸಲಿಲ್ಲ. ಉರಿಯುತ್ತಿದ್ದ ಒಲೆಗೆ ಊದುಕೊಳವೆ ಹಿಡಿಯಿತು, ಅಷ್ಟೇ.

ಸವುಷ್ಕಿನಾ ಬೀದಿಯ ಆ ಕಾರ್ಖಾನೆಗೆ ದುಡ್ಡು ಹಾಕುತ್ತಿದ್ದವರು ಯೆವ್ಗೆನಿ ಪ್ರಿಗೋಜಿನ್. ಕ್ರೆಮ್ಲಿನ್ ಔತಣಗಳ ಕೇಟರಿಂಗ್ ಹಿಡಿದು ಮೇಲೆ ಬಂದ ಆಸಾಮಿ. ‘ಪುಟಿನ್ ಬಾಣಸಿಗ’ ಅಂತಲೇ ಹೆಸರು. ಅವರ 55ನೇ ಹುಟ್ಟುಹಬ್ಬಕ್ಕೆ ಮೂರು ದಿನ ಮೊದಲು ಈ ನೌಕರರು ಒಂದು ತಮಾಷೆ ಮಾಡಿದರು. ಯಾರೋ ಒಬ್ಬ ಅಮೆರಿಕನ್‌ನನ್ನು ಒಪ್ಪಿಸಿ, ‘ಪ್ರೀತಿಯ ಬಾಸ್‌ಗೆ 55ನೇ ಹುಟ್ಟುಹಬ್ಬದ ಶುಭಾಶಯ’ ಅಂತ ಬರೆದ ಹಲಗೆ ಹಿಡಿಸಿ ಶ್ವೇತಭವನದ ಎದುರೇ ನಿಲ್ಲಿಸಿದರು. ಪಾಪ, ಆತನಿಗೆ ಬಾಸ್ ಯಾರೆಂದೇ ಗೊತ್ತಿರಲಿಲ್ಲ. ಇದು ಕೋರ್ಟಿಗೆ ಸಲ್ಲಿಸಿದ ದೋಷಾರೋಪ ಪಟ್ಟಿಯಲ್ಲೇ ಇದೆ. ವರ್ಷಗಟ್ಟಲೆ ‘ನಂದೇನೂ ಇಲ್ಲ’ ಅನ್ನುತ್ತಿದ್ದ ಪ್ರಿಗೋಜಿನ್ 2022ರ ನವೆಂಬರ್‌ನಲ್ಲಿ ತಾವೇ ಒಪ್ಪಿಕೊಂಡರು: ಕೈಹಾಕಿದ್ದೇವೆ, ಹಾಕುತ್ತಿದ್ದೇವೆ, ಮುಂದೆಯೂ ಹಾಕುತ್ತೇವೆ ಅಂತ. ಮುಂದಿನ ಆಗಸ್ಟ್‌ನಲ್ಲಿ ವಿಮಾನ ಬಿದ್ದು ತೀರಿಕೊಂಡರು.

ಇದಕ್ಕಿಂತ ದೊಡ್ಡ ಪೆಟ್ಟು ಇಮೇಲ್ ಕಳವಿನದು. 2016ರ ಮಾರ್ಚ್‌ನಲ್ಲಿ, ಟ್ರಂಪ್ ಎದುರಾಳಿ ಹಿಲರಿ ಕ್ಲಿಂಟನ್ ಪ್ರಚಾರದ ಮುಖ್ಯಸ್ಥ ಜಾನ್ ಪೊಡೆಸ್ಟಾ ಅವರಿಗೆ ಗೂಗಲ್ ಕಳಿಸಿದಂತೆ ಕಾಣುವ ಒಂದು ಮೇಲ್ ಬಂತು. ನಿಮ್ಮ ಪಾಸ್‌ವರ್ಡ್ ಯಾರಿಗೋ ಸಿಕ್ಕಿದೆ, ತಕ್ಷಣ ಬದಲಾಯಿಸಿ ಅಂತ. ಸಿಬ್ಬಂದಿಗೆ ಅನುಮಾನ ಬಂದು ಕಂಪ್ಯೂಟರ್ ನೋಡಿಕೊಳ್ಳುವವರನ್ನು ಕೇಳಿದರು. ಅವರು ‘ಇದು ಅಧಿಕೃತ ಮೇಲ್’ ಅಂತ ಬರೆದುಬಿಟ್ಟರು. ‘ಅನಧಿಕೃತ’ ಅಂತ ಬರೆಯಲು ಹೊರಟಿದ್ದೆ, ಅಕ್ಷರ ಬಿಟ್ಟುಹೋಯಿತು ಅನ್ನೋದು ಆಮೇಲೆ ಅವರು ಕೊಟ್ಟ ವಿವರಣೆ. ಕೊಂಡಿ ಒತ್ತಿದರು. 50,000ಕ್ಕೂ ಹೆಚ್ಚು ಮೇಲ್‌ಗಳು ರಷ್ಯಾದ ಸೇನಾ ಗುಪ್ತಚರ ಸಂಸ್ಥೆ ಜಿಆರ್‌ಯು ಕೈಗೆ ಹೋದವು. ಕರಡು ತಿದ್ದುತ್ತಾ ತಲೆ ನರೆದ ನನಗೆ ಇದನ್ನು ಓದಿದಾಗೆಲ್ಲ ಮೈ ಜುಮ್ಮೆನ್ನುತ್ತದೆ.

ಆ ಮೇಲ್‌ಗಳು, ಗುಟ್ಟಿನ ದಾಖಲೆ ಹೊರಹಾಕುವ ಜಾಲತಾಣ ವಿಕಿಲೀಕ್ಸ್‌ನಲ್ಲಿ ಹೊರಬರಲು ಶುರುವಾದದ್ದು ಅಕ್ಟೋಬರ್ 7ರಂದು. ಅಂದೇ ಹೆಂಗಸರ ಬಗ್ಗೆ ಟ್ರಂಪ್ ಕೊಳಕಾಗಿ ಮಾತಾಡಿದ ಟೇಪು ಬಂದಿತ್ತು. ಅದು ಬಂದು ಒಂದು ಗಂಟೆಯೊಳಗೆ ಇದು. ಜುಲೈನಲ್ಲಿ ಟ್ರಂಪ್ ಸುದ್ದಿಗೋಷ್ಠಿಯಲ್ಲೇ, ರಷ್ಯಾ ಕೇಳಿಸಿಕೊಳ್ಳುತ್ತಿದ್ದರೆ ಹಿಲರಿಯ ಕಳೆದುಹೋದ 30,000 ಮೇಲ್ ಹುಡುಕಿಕೊಡಲಿ ಅಂದಿದ್ದರು. ಸುಮಾರು ಐದು ಗಂಟೆಯೊಳಗೆ ಜಿಆರ್‌ಯು ಮೊದಲ ಬಾರಿಗೆ ಹಿಲರಿಯ ಖಾಸಗಿ ಕಚೇರಿಯ ಖಾತೆಗಳಿಗೆ ಕನ್ನ ಹಾಕಲು ನೋಡಿತು. ತಮಾಷೆಗೆ ಅಂದೆ ಅಂತ ಟ್ರಂಪ್ ಆಮೇಲೆ ಹೇಳಿದರು. ಇರಬಹುದು. ಬೀಗ ಮುರಿಯುವವನು ಕಿವಿಗೊಟ್ಟಿರುವಾಗ ಇದೆಂಥ ತಮಾಷೆ?

ಇಲ್ಲಿಯವರೆಗೆ ಮಗಳ ಕಡೆ ವಾಲಿದೆ. ಈಗ ಅಳಿಯಂದಿರ ಸರದಿ.

ಸಂಚಿನ ವಿಷಯ ತನಿಖೆ ಮಾಡಿದವರು ರಾಬರ್ಟ್ ಮುಲ್ಲರ್, ಎಫ್‌ಬಿಐನ ಹಿಂದಿನ ಮುಖ್ಯಸ್ಥರು. ತಾವೂ ಟ್ರಂಪ್ ಅವರ ರಿಪಬ್ಲಿಕನ್ ಪಕ್ಷದವರೇ. ಎರಡು ವರ್ಷ ಹತ್ತಿರ ಕೆಲಸ ಮಾಡಿ 2019ರ ಮಾರ್ಚ್‌ನಲ್ಲಿ 448 ಪುಟದ ವರದಿ ಕೊಟ್ಟರು. ರಷ್ಯಾ ವ್ಯವಸ್ಥಿತವಾಗಿ ಕೈಹಾಕಿತು. ಕದ್ದ ಮೇಲ್‌ಗಳಿಂದ ತಮಗೆ ಲಾಭ ಅಂತ ಟ್ರಂಪ್ ಕಡೆಯವರು ಎಣಿಸಿದ್ದರು. ಆದರೆ ಅವರು ರಷ್ಯಾ ಸರ್ಕಾರದ ಜೊತೆ ಸಂಚು ಮಾಡಿದ್ದು ಸಾಬೀತಾಗಲಿಲ್ಲ. ಹೀಗಂತ ಅದರಲ್ಲಿದೆ. ‘ಸಾಬೀತಾಗಲಿಲ್ಲ’ ಅಂದರೆ ‘ನಡೆದೇ ಇಲ್ಲ’ ಅಂತಲ್ಲ. ‘ನಡೆದಿದೆ’ ಅಂತಂತೂ ಅಲ್ಲವೇ ಅಲ್ಲ. ತನಿಖೆಗೆ ಅಡ್ಡಿ ಮಾಡಿದ ಆರೋಪದಲ್ಲಿ ಟ್ರಂಪ್ ಅಪರಾಧಿ ಅಂತ ಮುಲ್ಲರ್ ಹೇಳಲಿಲ್ಲ, ನಿರ್ದೋಷಿ ಅಂತಲೂ ಹೇಳಲಿಲ್ಲ. ಜನರ ಕೈಗೆ ವರದಿ ಸಿಗುವ ಮೊದಲೇ ಅಟಾರ್ನಿ ಜನರಲ್ ವಿಲಿಯಂ ಬಾರ್ ಅದರ ಸಾರವನ್ನು ನಾಲ್ಕು ಪುಟದ ಪತ್ರದಲ್ಲಿ ಹಂಚಿಬಿಟ್ಟರು. ಬಹಳ ಜನರ ತಲೆಯಲ್ಲಿ ಉಳಿದಿರುವುದು ಆ ನಾಲ್ಕು ಪುಟ. ಉಳಿದದ್ದನ್ನು ಓದುವ ತಾಳ್ಮೆ ಯಾರಿಗಿತ್ತು?

ಅಳಿಯಂದಿರ ಸಿಟ್ಟಿಗೆ ಇನ್ನೊಂದು ಕಾರಣವೂ ಇದೆ, ಅದು ನ್ಯಾಯವಾದದ್ದು. ಕ್ರಿಸ್ಟೋಫರ್ ಸ್ಟೀಲ್ ಎಂಬ ಬ್ರಿಟನ್ನಿನ ಮಾಜಿ ಗೂಢಚಾರ ಟ್ರಂಪ್ ಬಗ್ಗೆ ಒಂದಷ್ಟು ಟಿಪ್ಪಣಿ ಬರೆದಿದ್ದರು. ಬೇಡದ ಕಥೆಗಳೆಲ್ಲ ಇದ್ದವು. ಅದಕ್ಕೆ ದುಡ್ಡು ಹೋದದ್ದು ಹಿಲರಿ ಪ್ರಚಾರ ಮತ್ತು ಅವರ ಪಕ್ಷದಿಂದ, ವಕೀಲರ ಕಚೇರಿಯ ಮೂಲಕ. ಅದರ ದೊಡ್ಡ ಆರೋಪಗಳು ರುಜುವಾತಾಗಲೇ ಇಲ್ಲ. ಅಂಥದ್ದನ್ನು ಇಟ್ಟುಕೊಂಡು ಎಫ್‌ಬಿಐ ಟ್ರಂಪ್ ಪ್ರಚಾರದಲ್ಲಿದ್ದ ಕಾರ್ಟರ್ ಪೇಜ್ ಮೇಲೆ ಕಣ್ಗಾವಲಿಗೆ ಕೋರ್ಟಿನ ಅನುಮತಿ ಪಡೆಯಿತು. ಆ ಅರ್ಜಿಗಳಲ್ಲಿ 17 ದೊಡ್ಡ ತಪ್ಪು, ಲೋಪಗಳಿದ್ದವು ಅಂತ ನ್ಯಾಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ 2019ರಲ್ಲಿ ಹೇಳಿದರು. ಎಫ್‌ಬಿಐ ವಕೀಲನೊಬ್ಬ ಒಂದು ಮೇಲ್ ತಿದ್ದಿದ್ದನ್ನು ಕೋರ್ಟಿನಲ್ಲಿ ಒಪ್ಪಿಕೊಂಡ. ಎಫ್‌ಬಿಐನ ಈ ತನಿಖೆಯನ್ನೇ ತನಿಖೆ ಮಾಡಲು ನೇಮಕವಾಗಿದ್ದ ಜಾನ್ ಡರ್ಹಮ್ 2023ರಲ್ಲಿ ಕೊಟ್ಟ ವರದಿ ಎಫ್‌ಬಿಐಯನ್ನು ಚೆನ್ನಾಗಿ ಜಾಡಿಸಿತು. ಡರ್ಹಮ್ ವಿಚಾರಣೆಯವರೆಗೆ ಎಳೆದ ಎರಡು ಕೇಸಿನಲ್ಲೂ ಆರೋಪಿಗಳು ಖುಲಾಸೆಯಾದರು ಅನ್ನೋದನ್ನೂ ಸೇರಿಸಿಕೊಳ್ಳಿ.

ಮಗಳಿಗೂ ಅಳಿಯಂದಿರಿಗೂ ಒಂದೇ ವರದಿ ಕೊಡುವುದಾದರೆ ನಾನು ಸೆನೆಟ್ ಗುಪ್ತಚರ ಸಮಿತಿಯದನ್ನು ಕೊಡುತ್ತೇನೆ. ರಿಪಬ್ಲಿಕನ್ನರ ನೇತೃತ್ವ, ಎರಡೂ ಪಕ್ಷದ ಸದಸ್ಯರು. 2020ರ ಆಗಸ್ಟ್‌ನಲ್ಲಿ ಬಂದ ಅದರ ಕೊನೆಯ ಭಾಗವೇ ಸಾವಿರ ಪುಟದ ಹತ್ತಿರ. ಟ್ರಂಪ್ ಪ್ರಚಾರದ ಮುಖ್ಯಸ್ಥ ಪಾಲ್ ಮ್ಯಾನಫೋರ್ಟ್ ತಮ್ಮ ಆಂತರಿಕ ಸಮೀಕ್ಷೆಯ ಅಂಕಿಗಳನ್ನು ಕೊಟ್ಟದ್ದು ಕಿಲಿಮ್ನಿಕ್ ಎಂಬಾತನಿಗೆ, ಆತ ರಷ್ಯಾದ ಗುಪ್ತಚರ ಅಧಿಕಾರಿ ಅಂತ ಸಮಿತಿ ಬರೆಯಿತು. ಆಗ ಹಂಗಾಮಿ ಅಧ್ಯಕ್ಷರಾಗಿದ್ದ ಮಾರ್ಕೊ ರುಬಿಯೊ ಒಂದೇ ಹೇಳಿಕೆಯಲ್ಲಿ ಎರಡು ಮಾತು ಹೇಳಿದರು: ಟ್ರಂಪ್ ಕೈಜೋಡಿಸಿದ್ದಕ್ಕೆ ಸಾಕ್ಷ್ಯವಿಲ್ಲ, ರಷ್ಯಾ ತಲೆಹಾಕಿದ್ದಕ್ಕೆ ಅಲ್ಲಗಳೆಯಲಾಗದ ಸಾಕ್ಷ್ಯವಿದೆ. ಮೊದಲ ಮಾತನ್ನು ಅವರದೇ ಸಮಿತಿಯ ಡೆಮಾಕ್ರಟರು ಒಪ್ಪಲಿಲ್ಲ. ಎರಡನೆಯದನ್ನು ಎಲ್ಲರೂ ಒಪ್ಪಿದರು. ಅದೇ ರುಬಿಯೊ ಈಗ ವಿದೇಶಾಂಗ ಸಚಿವರು. 2025ರ ಆಗಸ್ಟ್ 15ರಂದು ಅಲಾಸ್ಕಾದಲ್ಲಿ ಟ್ರಂಪ್–ಪುಟಿನ್ ಎದುರುಬದುರು ಕೂತಾಗ ಟ್ರಂಪ್ ಪಕ್ಕ ಅವರೂ ಇದ್ದರು.

ಇನ್ನು, ಗೆಲುವು ಅದರಿಂದಲೇನಾ? ಗೆಲುವನ್ನು ತೀರ್ಮಾನಿಸಿದ ಮಿಷಿಗನ್, ಪೆನ್ಸಿಲ್ವೇನಿಯಾ, ವಿಸ್ಕಾನ್ಸಿನ್ ರಾಜ್ಯಗಳು ಮೂರೂ ಸೇರಿ ಮತಗಳ ಅಂತರ 78,000ಕ್ಕಿಂತ ಕಡಿಮೆ. ಅಷ್ಟು ಸಣ್ಣ ಅಂತರಕ್ಕೆ ಮಳೆ ಬಂದದ್ದೂ ಕಾರಣ ಅನ್ನಬಹುದು. ಮತ ಎಣಿಕೆಯನ್ನು ಯಾರೂ ತಿದ್ದಿದ ಪುರಾವೆ ಸಿಕ್ಕಿಲ್ಲ. ರಷ್ಯಾದ ಟ್ವಿಟರ್ ಖಾತೆಗಳ ಮೇಲೆ 2023ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ಆ ಬರಹಗಳು ಜಾಸ್ತಿ ತಲುಪಿದ್ದು ಮೊದಲೇ ಗಟ್ಟಿ ರಿಪಬ್ಲಿಕನ್ನರಾಗಿದ್ದ ಕೆಲವೇ ಮಂದಿಯನ್ನು. ಅವುಗಳಿಂದ ಮತ ಬದಲಾದ ಲಕ್ಷಣ ಕಾಣಲಿಲ್ಲ. ಕದ್ದ ಮೇಲ್‌ಗಳ ಪರಿಣಾಮ ಅಳೆಯುವುದು ಇದಕ್ಕಿಂತ ಕಷ್ಟ. ತಿಂಗಳಿಡೀ ಅದನ್ನು ಸುದ್ದಿ ಮಾಡಿದ್ದು ಅಮೆರಿಕದ ಪತ್ರಿಕೆಗಳೇ ಅಲ್ವಾ?

ಈ ಪ್ರಶ್ನೆಗಳನ್ನು ಕಲಸುವ ಆಟ ಈಗಲೂ ನಡೆದಿದೆ. 2025ರ ಜುಲೈನಲ್ಲಿ ಗುಪ್ತಚರ ವಿಭಾಗದ ಮುಖ್ಯಸ್ಥೆ ತುಳಸಿ ಗಬಾರ್ಡ್ ಹಳೆಯ ಕಡತ ಹೊರತಂದು, ಒಬಾಮ ಕಾಲದವರು ದೇಶದ್ರೋಹದ ಸಂಚು ಮಾಡಿದರು ಅಂದರು. ರಷ್ಯಾ ಮತ ಎಣಿಕೆಯನ್ನು ಬದಲಿಸಿಲ್ಲ ಅಂತ ಆ ಕಡತಗಳಲ್ಲಿತ್ತು. ಬದಲಿಸಿದೆ ಅಂತ 2017ರ ಜನವರಿಯ ಗುಪ್ತಚರ ವರದಿಯೂ ಹೇಳಿರಲಿಲ್ಲ. ಅದು ಹೇಳಿದ್ದು ಪ್ರಚಾರ, ಕಳವುಗಳ ಬಗ್ಗೆ. ಆ ವರದಿಯನ್ನು ಅವಸರದಲ್ಲಿ ಮಾಡಿದರು ಅಂತ ಸಿಐಎಯ ಮರುಪರಿಶೀಲನೆ ಟೀಕಿಸಿದ್ದೂ ನಿಜ. ಆದರೆ ರಷ್ಯಾ ಕೈವಾಡವೇ ಸುಳ್ಳು ಅಂತ ಅದು ಎಲ್ಲೂ ಹೇಳಲಿಲ್ಲ.

ಇನ್ನೊಂದು ಅಕ್ಷರದ ಕಥೆ ಬಾಕಿ ಇದೆ. 2018ರ ಜುಲೈ 13ರಂದು ಜಿಆರ್‌ಯುನ 12 ಅಧಿಕಾರಿಗಳ ಹೆಸರು ಹಿಡಿದು ದೋಷಾರೋಪ ಹೊರಿಸಿದರು. ಮೂರೇ ದಿನಕ್ಕೆ ಹೆಲ್ಸಿಂಕಿಯಲ್ಲಿ ಪುಟಿನ್ ಪಕ್ಕ ನಿಂತ ಟ್ರಂಪ್‌ಗೆ ಪತ್ರಕರ್ತರು ಕೇಳಿದರು: ನಿಮ್ಮ ಗುಪ್ತಚರರನ್ನು ನಂಬುತ್ತೀರೋ, ಪುಟಿನ್ ಮಾತನ್ನೋ? ಪುಟಿನ್ ಗಟ್ಟಿಯಾಗಿ ಅಲ್ಲಗಳೆದಿದ್ದಾರೆ, ಅದು ರಷ್ಯಾ ಯಾಕಿರಬೇಕು ಅನ್ನೋದಕ್ಕೆ ನನಗೆ ಕಾರಣ ಕಾಣುತ್ತಿಲ್ಲ ಅಂದರು. ಅವರದೇ ಪಕ್ಷದವರು ಗದ್ದಲ ಮಾಡಿದ ಮೇಲೆ ಮರುದಿನ ತಿದ್ದುಪಡಿ ಬಂತು: ‘ಯಾಕಿರಬೇಕು’ ಅಲ್ಲ, ‘ಯಾಕಿರಬಾರದು’ ಅನ್ನಬೇಕಿತ್ತು. ಪೊಡೆಸ್ಟಾ ಕಡೆಯವರ ಮೇಲ್‌ನಲ್ಲಿ ಒಂದು, ಅಧ್ಯಕ್ಷರ ಬಾಯಲ್ಲಿ ಒಂದು. ಎರಡು ಕಡೆಯೂ ಬಿಟ್ಟುಹೋದದ್ದು ‘ಅಲ್ಲ’ ಅನ್ನುವ ಅರ್ಥದ ತುಣುಕೇ. ಮೊದಲನೆಯದನ್ನು ಕೈತಪ್ಪು ಅಂತ ನಂಬಬಲ್ಲೆ. ಎರಡನೆಯದನ್ನು, ಕ್ಷಮಿಸಿ, ನಂಬೋಕೆ ಆಗೋದಿಲ್ಲ. ಆ ಇಡೀ ಉತ್ತರದ ಧಾಟಿಯೇ ‘ಯಾಕಿರಬೇಕು’ ಅಂತಿತ್ತು.

ನಿಮ್ಮ ಎರಡನೇ ಪ್ರಶ್ನೆಗೆ ನನ್ನ ತಕರಾರಿಲ್ಲ. 1948ರಲ್ಲಿ ಇಟಲಿಯ ಚುನಾವಣೆಗೆ ಸಿಐಎ ದುಡ್ಡು ಸುರಿದದ್ದು ಈಗ ಗುಟ್ಟೇನಲ್ಲ. ಚಿಲಿಯಲ್ಲಿ ಅದು ಮಾಡಿದ್ದು ಅದಕ್ಕಿಂತ ಘೋರ. 1996ರಲ್ಲಿ ರಷ್ಯಾದಲ್ಲೇ ಆಗಿನ ಅಧ್ಯಕ್ಷ ಯೆಲ್ಟ್ಸಿನ್ ಮತ್ತೆ ಗೆಲ್ಲಲು ಅಮೆರಿಕದ ಪ್ರಚಾರ ಪಂಡಿತರು ಮಾಸ್ಕೋ ಹೋಟೆಲಿನಲ್ಲಿ ಗುಟ್ಟಾಗಿ ಬೀಡುಬಿಟ್ಟಿದ್ದರು. ಐಎಂಎಫ್‌ನಿಂದ 1,000 ಕೋಟಿ ಡಾಲರ್ ಸಾಲವೂ ಆಗಲೇ ಸಿಕ್ಕಿತು. ನಮ್ಮಲ್ಲೂ ಅಷ್ಟೇ. ಎಪ್ಪತ್ತರ ದಶಕದಲ್ಲಿ ದೆಹಲಿಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಡೇನಿಯಲ್ ಮೊಯ್ನಿಹಾನ್, ಕೇರಳ ಮತ್ತು ಬಂಗಾಳದಲ್ಲಿ ಕಮ್ಯುನಿಸ್ಟರ ವಿರುದ್ಧ ತಮ್ಮವರು ಕಾಂಗ್ರೆಸ್‌ಗೆ ಎರಡು ಸಲ ದುಡ್ಡು ಕೊಟ್ಟಿದ್ದರು ಅಂತ ಬರೆದಿದ್ದಾರೆ. ಕಾಂಗ್ರೆಸ್ ಅದನ್ನು ನಿರಾಕರಿಸಿತು.

ಆದರೆ ಮೇಷ್ಟ್ರೇ, ‘ಅಳುವ ಹಕ್ಕು’ ಅಂದಿರಲ್ಲ, ಅಲ್ಲೇ ಸ್ವಲ್ಪ ನಿಲ್ಲಿ. ಹೂಸ್ಟನ್ ಬೀದಿಯಲ್ಲಿ ನಿಂತವರ ಪೈಕಿ ಯಾರೂ 1948ರಲ್ಲಿ ಇಟಲಿಗೆ ದುಡ್ಡು ಕಳಿಸಿದವರಲ್ಲ. ವಾಷಿಂಗ್ಟನ್‌ಗೆ ಹಕ್ಕಿಲ್ಲ ಅನ್ನಿ, ಒಪ್ಪುತ್ತೇನೆ. ಅವರಿಗೂ ಇಲ್ಲ ಅಂತೀರಾ?

ಈಗ ತಲೆಬರಹ. ಆ ಲೇಖನದ ಒಳಗೆ ‘ರಷ್ಯಾ ಗೆಲ್ಲಿಸಿತು’ ಅನ್ನುವ ಮಾತೇ ಇಲ್ಲ. ಲೇಖಕರು ಎಚ್ಚರದಿಂದಲೇ ಬರೆದಿದ್ದರು. ಅಚ್ಚಿಗೆ ಹೋಗುವ ರಾತ್ರಿ ಅವರು ಕೊಟ್ಟ ತಲೆಬರಹ ಸಪ್ಪೆ ಅನ್ನಿಸಿ ನಾನು ಬದಲಾಯಿಸಿದೆ. ಅವರು ಮರುದಿನ ಫೋನ್ ಮಾಡಿ ಬೇಜಾರು ಮಾಡಿಕೊಂಡರೂ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಹೋದ ತಿಂಗಳ ಅಂಕಣದ ‘ಕಟ್ಟುಕಥೆ’ ಅನ್ನುವ ಪದ ಅಂಕಣಕಾರರದೇ. ಅದನ್ನು ಬಿಟ್ಟದ್ದು ಮಾತ್ರ ನಾನು. ಎರಡಕ್ಕೂ ಈ ಸಂಚಿಕೆಯಲ್ಲೇ ತಿದ್ದುಪಡಿ ಹಾಕಿದ್ದೇವೆ, ಪದಬಂಧದ ಕೆಳಗೆ. ಅಲ್ಲಿಗಾದರೆ ಎಲ್ಲರ ಕಣ್ಣೂ ಹೋಗುತ್ತದೆ. ನಿಮ್ಮ ಹಳೇ ಕತ್ತರಿಕೆಯ ಪಕ್ಕ ಅದನ್ನೂ ಅಂಟಿಸಿಕೊಳ್ಳಿ.