ಸಬ್ಸಿಡಿ ಇಷ್ಟೊಂದು ಇದ್ದರೂ ಹಸಿರು ಹೈಡ್ರೋಜನ್ ಯೋಜನೆಗಳು ಯಾಕೆ ನಿಂತು ಹೋಗುತ್ತಿವೆ?

ಸರ್ಕಾರಗಳು ದುಡ್ಡು ಕೊಡುತ್ತಿವೆ, ಕಾನೂನೂ ಮಾಡಿವೆ, ಮತ್ತೆ ಕಂಪನಿಗಳು ಯಾಕೆ ಕೈಬಿಡುತ್ತಿವೆ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಇಲ್ಲಿ ಕೊರತೆ ಇರುವುದು ದುಡ್ಡಿಗಲ್ಲ, ಗಿರಾಕಿಗೆ.

ಹಸಿರು ಹೈಡ್ರೋಜನ್ ಅಂದರೆ ಗಾಳಿ, ಸೌರದಂಥ ಕರೆಂಟಿನಿಂದ ನೀರನ್ನು ಒಡೆದು ಮಾಡಿದ್ದು. ಹೀಗೆ ಒಂದು ಕೆಜಿ ಮಾಡಲು 50 ಯೂನಿಟ್‌ಗಿಂತ ಜಾಸ್ತಿ ಕರೆಂಟ್ ಬೇಕು. ಹಾಗಾಗಿ ಖರ್ಚಿನ ದೊಡ್ಡ ಪಾಲು ಕರೆಂಟ್ ಬಿಲ್ಲೇ. ನೈಸರ್ಗಿಕ ಅನಿಲದಿಂದ ಮಾಡಿದ ಹೈಡ್ರೋಜನ್ ಬಹುತೇಕ ಕಡೆ ಇದಕ್ಕಿಂತ ಅಗ್ಗ. ರಿಫೈನರಿ, ಗೊಬ್ಬರದ ಕಾರ್ಖಾನೆಗಳು ಹಳೆಯದನ್ನು ಬಿಟ್ಟು ದುಬಾರಿಯದನ್ನು ಸುಮ್ನೆ ಯಾಕೆ ಕೊಳ್ಳುತ್ತವೆ? ಹತ್ತು ಹದಿನೈದು ವರ್ಷಕ್ಕೆ ಕೊಳ್ಳುತ್ತೇನೆ ಅಂತ ಯಾರಾದರೂ ಸಹಿ ಹಾಕದೆ ಬ್ಯಾಂಕುಗಳು ಸಾಲ ಕೊಡುವುದಿಲ್ಲ. ಸೌದಿಯ ನಿಯೋಮ್ ಹಸಿರು ಹೈಡ್ರೋಜನ್ ಯೋಜನೆಗೆ 2023ರಲ್ಲಿ 8.4 ಬಿಲಿಯನ್ ಡಾಲರ್ ಬಂಡವಾಳ ಹೊಂದಿಕೆಯಾಗಿದ್ದು ಯಾಕೆ? ಅಲ್ಲಿ ಆ ಹೈಡ್ರೋಜನ್ ಬಳಸಿ ತಯಾರಾಗುವ ಅಮೋನಿಯಾ ಅಷ್ಟನ್ನೂ 30 ವರ್ಷ ನಾನೇ ತೆಗೆದುಕೊಳ್ಳುತ್ತೇನೆ ಅಂತ ಅಮೆರಿಕದ ಅನಿಲ ಕಂಪನಿ ಏರ್ ಪ್ರಾಡಕ್ಟ್ಸ್ ಒಪ್ಪಿತ್ತು. ಇನ್ನೊಂದು ಕಡೆ, 2025ರ ಜೂನ್‌ನಲ್ಲಿ ಉಕ್ಕಿನ ಕಂಪನಿ ಆರ್ಸೆಲರ್‌ಮಿತ್ತಲ್, ಹೈಡ್ರೋಜನ್ ಬಳಸಿ ಉಕ್ಕು ಮಾಡುವ ಯೋಜನೆಗೆ ಜರ್ಮನಿ ಕೊಡಲಿದ್ದ 1.3 ಬಿಲಿಯನ್ ಯೂರೋ ನೆರವನ್ನೇ ಬೇಡ ಅಂದಿತು. ಅಷ್ಟು ದುಡ್ಡು ಸಿಗುವಂತಿದ್ದರೂ ಲೆಕ್ಕ ಕೂಡಿ ಬರಲಿಲ್ಲ! ಮುಂದಿನ ತಿಂಗಳೇ ಆಸ್ಟ್ರೇಲಿಯಾದ ಗಣಿ ಕಂಪನಿ ಫೋರ್ಟೆಸ್ಕ್ಯೂ, ಅಮೆರಿಕದ ಅರಿಜೋನಾ ಮತ್ತು ಆಸ್ಟ್ರೇಲಿಯಾದ ಗ್ಲ್ಯಾಡ್‌ಸ್ಟೋನ್‌ನ ಹೈಡ್ರೋಜನ್ ಯೋಜನೆಗಳನ್ನು ಕೈಬಿಟ್ಟಿತು.

ಇನ್ನು ಕಾನೂನು. ಯಾವುದು ಹಸಿರು ಅನ್ನುವುದರಲ್ಲೇ ದೇಶಗಳಿಗೆ ಒಮ್ಮತ ಇಲ್ಲ. ಕೆಜಿ ಹೈಡ್ರೋಜನ್‌ಗೆ 2 ಕೆಜಿ ಇಂಗಾಲದ ಡೈಆಕ್ಸೈಡ್ ಮಿತಿ ಅಂತ ಭಾರತ 2023ರಲ್ಲಿ ಹೇಳಿತು. ಯುರೋಪಿನ ಮಿತಿ ಸುಮಾರು 3.4 ಕೆಜಿ, ಕೇಳಿದರೆ ಸಡಿಲ ಅನಿಸುತ್ತದೆ, ಆದರೆ ಅವರು ಲೆಕ್ಕ ಹಾಕುವ ರೀತಿಯೇ ಬೇರೆ, ಜೊತೆಗೆ ಸಾಮಾನ್ಯವಾಗಿ ಕರೆಂಟ್ ಹೊಸದಾಗಿ ಕಟ್ಟಿದ ಗಾಳಿ, ಸೌರದಂಥ ಘಟಕದಿಂದ ಬರಬೇಕು, 2030ರಿಂದ ಯಾವ ಗಂಟೆಯಲ್ಲಿ ಬಳಸಿದಿರೋ ಅದೇ ಗಂಟೆಯಲ್ಲಿ ಆ ಕರೆಂಟ್ ಹುಟ್ಟಿರಬೇಕು ಅಂತೆಲ್ಲ ಷರತ್ತು ಹಾಕಿದ್ದಾರೆ. ಗಾಳಿ ಬೀಸದ ಗಂಟೆಯಲ್ಲಿ ಯಂತ್ರ ಸುಮ್ಮನೆ ಕೂರಬೇಕು, ಖರ್ಚು ಏರುತ್ತದೆ. ಷರತ್ತು ತಪ್ಪು ಅಂತ ನಾನು ಹೇಳುವುದಿಲ್ಲ. ಕಲ್ಲಿದ್ದಲಿನ ಕರೆಂಟಿನಲ್ಲಿ ಮಾಡಿದರೆ ಈ ಕಸರತ್ತು ಯಾಕೆ, ಅಲ್ವಾ?

ಅಮೆರಿಕದ್ದು ಬೇರೆಯೇ ಕಥೆ. 2022ರಲ್ಲಿ ಕೆಜಿಗೆ 3 ಡಾಲರ್‌ವರೆಗೆ ತೆರಿಗೆ ರಿಯಾಯಿತಿ ಘೋಷಿಸಿದರು. ಅಂತಿಮ ನಿಯಮ ಬಂದಿದ್ದು 2025ರ ಜನವರಿಯಲ್ಲಿ. ಅದೇ ವರ್ಷದ ಜುಲೈನಲ್ಲಿ ಇನ್ನೊಂದು ಕಾನೂನು ಬಂದು, 2027 ಮುಗಿಯುವುದರೊಳಗೆ ಕಟ್ಟಲು ಶುರು ಮಾಡಿದವರಿಗೆ ಮಾತ್ರ ಅಂತಾಯಿತು. ಇಂಥದ್ದರ ಮೇಲೆ ಇಪ್ಪತ್ತು ವರ್ಷದ ಪ್ಲಾಂಟ್ ಕಟ್ಟುವುದು ಹೇಗೆ?

ನನಗೆ ಭರವಸೆ ಇರುವುದು ಕೊಳ್ಳುವವರ ಮೇಲೆ ಒತ್ತಡ ಹಾಕುವ ಕಾನೂನಿನ ಮೇಲೆ. ಉದ್ಯಮಗಳು ಬಳಸುವ ಹೈಡ್ರೋಜನ್‌ನಲ್ಲಿ 2030ಕ್ಕೆ ಶೇ 42ರಷ್ಟು ಹಸಿರು ಬಗೆಯದ್ದಾಗಿರಬೇಕು ಅಂತ ಯುರೋಪ್ ಗುರಿ ಇಟ್ಟಿದೆ. ಅಷ್ಟು ಬೇಗ ಮುಟ್ಟುವುದು ಅನುಮಾನ, ಆದರೆ ದಿಕ್ಕು ಸರಿ.

ಮುಂದೆ ಹೊಸ ಯೋಜನೆಯ ಸುದ್ದಿ ಕಂಡಾಗ ಗಿಗಾವ್ಯಾಟ್ ಎಷ್ಟು ಅಂತ ನೋಡಬೇಡಿ. ಕೊಳ್ಳುವವರು ಯಾರು, ಎಷ್ಟು ವರ್ಷಕ್ಕೆ, ಕಾನೂನು ಬದಲಾದರೆ ನಷ್ಟ ಯಾರ ತಲೆಗೆ ಅಂತ ನೋಡಿ.