ಹೊಳೆ ದಂಡೆ ಕೆಲಸಕ್ಕೆ ಪ್ರವಾಹ ವಿಮೆ: ಕಂಟ್ರಾಕ್ಟರ್ ಹೊಣೆ ಎಲ್ಲಿವರೆಗೆ?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ತುಂಗಾ ದಂಡೆಯಲ್ಲಿ ಹೋಂಸ್ಟೇ ಮತ್ತು ತಡೆಗೋಡೆ ಕಟ್ಟುವ ಕೆಲಸ ಸಿಕ್ಕಿದೆ. 60 ಲಕ್ಷದ ಗುತ್ತಿಗೆ. ಕಬ್ಬಿಣ, ಟೈಲ್ಸ್ ಮಾಲೀಕರೇ ಕೊಡ್ತಾರೆ, ಅದು ಸುಮಾರು 20 ಲಕ್ಷ. ಪ್ರವಾಹ ವಿಮೆ ಗುತ್ತಿಗೆದಾರನೇ ಮಾಡಿಸಬೇಕು ಅಂತ ಕರಾರಿನಲ್ಲಿದೆ. ನೆರೆ, ಭೂಕಂಪದಂಥ ಕೈಮೀರಿದ ಘಟನೆಗೆ ವಿನಾಯಿತಿ ಕೊಡುವ ಫೋರ್ಸ್ ಮೆಜೂರ್ ಕಲಮೂ ಇದೆ. ಅದಿದ್ದ ಮೇಲೆ ವಿಮೆ ಯಾಕೆ?

ಉತ್ತರ: ಆ ಕಲಮು ನಂಬಿಕೊಂಡು ಕೂರಬೇಡಿ. ಅದು ಸಾಮಾನ್ಯವಾಗಿ ಕೊಡೋದು ಸಮಯ, ದುಡ್ಡಲ್ಲ. ನೆರೆಯಿಂದ ಕೆಲಸ ತಡವಾದರೆ ದಂಡ ಹಾಕುವ ಹಾಗಿಲ್ಲ, ಅಷ್ಟೇ. ಕೊಚ್ಚಿಹೋದ ಗೋಡೆಯನ್ನು ಯಾರ ಖರ್ಚಿನಲ್ಲಿ ಮತ್ತೆ ಕಟ್ಟಬೇಕು? ಕರಾರಿನಲ್ಲಿ ಬೇರೆ ಬರೆದಿಲ್ಲ ಅಂದ್ರೆ, ಕೆಲಸ ಒಪ್ಪಿಸುವವರೆಗೂ ಆ ಭಾರ ಬಹುತೇಕ ನಿಮ್ಮ ತಲೆ ಮೇಲೇ ಬೀಳುತ್ತದೆ.

ಪ್ರವಾಹ ವಿಮೆ ಅಂತ ಬೇರೆ ಪಾಲಿಸಿ ಹುಡುಕಿಕೊಂಡು ಅಲೆಯಬೇಕಿಲ್ಲ. ಕೇಳಬೇಕಾದ್ದು ಕಂಟ್ರಾಕ್ಟರ್ಸ್ ಆಲ್ ರಿಸ್ಕ್ ಪಾಲಿಸಿ, ಅಂದ್ರೆ ಕಟ್ಟುತ್ತಿರುವ ಕೆಲಸಕ್ಕೇ ಮಾಡಿಸುವ ವಿಮೆ. ಪ್ರವಾಹ, ನೀರು ನುಗ್ಗುವುದು, ಭೂಕುಸಿತ ಎಲ್ಲ ಸಾಮಾನ್ಯವಾಗಿ ಅದರಲ್ಲೇ ಬರುತ್ತವೆ. ಮಲೆನಾಡಲ್ಲಿ ಹೊಳೆಗಿಂತ ಧರೆ ಕುಸಿಯೋ ಭಯವೇ ಜಾಸ್ತಿ ಅಲ್ವಾ, ಹಾಗಾಗಿ ಭೂಕುಸಿತದ ಸಾಲು ಇದೆಯಾ ಅಂತ ಕಣ್ಣಾರೆ ನೋಡಿಕೊಳ್ಳಿ. ಪಾಲಿಸಿ ನಿಮ್ಮ ಮತ್ತು ಮಾಲೀಕರ, ಇಬ್ಬರ ಹೆಸರಲ್ಲೂ ಇರಲಿ.

ಹೆಚ್ಚಿನವರು ಎಡವೋದು ಮೊತ್ತದಲ್ಲಿ. 60 ಲಕ್ಷಕ್ಕೆ ಮಾಡಿಸಿದರೆ ಸಾಲದು, ಮಾಲೀಕರು ಕೊಡುವ ಸಾಮಾನೂ ಸೇರಿ 80 ಲಕ್ಷ ಆಗಬೇಕು. ಇಲ್ಲದಿದ್ದರೆ 8 ಲಕ್ಷ ನಷ್ಟವಾದಾಗ ಕಂಪನಿ ಅದೇ ಅನುಪಾತದಲ್ಲಿ 6 ಲಕ್ಷ ಅಂತ ಲೆಕ್ಕ ಹಾಕಿ, ಅದರಲ್ಲಿ ಎಕ್ಸೆಸ್, ಅಂದ್ರೆ ಪ್ರತಿ ನಷ್ಟದಲ್ಲೂ ನೀವೇ ಹೊರಬೇಕಾದ ಪಾಲು, ಕಳೆದು ಉಳಿದದ್ದು ಕೊಡುತ್ತದೆ. ಪ್ರವಾಹಕ್ಕೆ ಈ ಎಕ್ಸೆಸ್ ಬೇರೆ ನಷ್ಟಕ್ಕಿಂತ ಜಾಸ್ತಿ ಇರೋದೇ ರೂಢಿ.

ಇನ್ನೊಂದು ಷರತ್ತು ಯಾರೂ ಓದೋದಿಲ್ಲ. ಸೈಟಿನಲ್ಲಿ ಕಳೆದ 20 ವರ್ಷಗಳಲ್ಲಿ ನೀರು ಏರಿದ ಅತಿ ಎತ್ತರದ ಗುರುತಿಗಿಂತ ಮೇಲೆ ಗೋದಾಮು, ಲೇಬರ್ ಶೆಡ್ ಇರಬೇಕು ಅಂತ ಕೆಲವು ಪಾಲಿಸಿಗಳಲ್ಲಿ ಇರುತ್ತದೆ. 2019ರ ಆಗಸ್ಟ್ ನೆರೆ ಆ ಲೆಕ್ಕದೊಳಗೇ ಬಂತು. ಅವತ್ತು ನೀರು ಎಲ್ಲಿಗೆ ಬಂದಿತ್ತು ಅಂತ ಪಕ್ಕದ ತೋಟದವರನ್ನು ಕೇಳಿ. ಸಿಮೆಂಟ್ ಮೂಟೆಗಳನ್ನು ಅದಕ್ಕಿಂತ ಮೇಲೆ ಪೇರಿಸಿ, ಫೋಟೋ ತೆಗೆದಿಟ್ಟುಕೊಳ್ಳಿ.

ಗಾಜನೂರು ಅಣೆಕಟ್ಟಿನ ಗೇಟು ತೆಗೆದು, ಶಿವಮೊಗ್ಗದಲ್ಲಿ ತುಂಗಾ ಹೊಳೆಯ ಕೋರ್ಪಲಯ್ಯನ ಮಂಟಪ ಮುಳುಗೋ ಹೊತ್ತಿಗೆ ಏಜೆಂಟರಿಗೆ ಫೋನ್ ಮಾಡಿ ಪ್ರಯೋಜನ ಇಲ್ಲ. ಪ್ರೀಮಿಯಂ ಮೊದಲು ಸೇರಬೇಕು, ಆಮೇಲೇ ರಿಸ್ಕ್ ಶುರು. ವಿಮಾ ಕಾಯ್ದೆಯ 64ವಿಬಿ ಕಲಮು ಹೇಳೋದೇ ಇದು. ಮೇ ತಿಂಗಳಲ್ಲೇ ಮುಗಿಸಿ.

ಮಿಕ್ಸರ್, ಜೆಸಿಬಿ ಈ ಆಲ್ ರಿಸ್ಕ್ ಪಾಲಿಸಿಯಲ್ಲಿ ತಾನಾಗಿ ಸೇರೋದಿಲ್ಲ, ಅದಕ್ಕೆ ಪ್ಲಾಂಟ್ ಅಂಡ್ ಮೆಷಿನರಿ ಪಾಲಿಸಿ ಬೇರೆ. ಕೂಲಿಯವರಿಗೆ ನೌಕರರ ಪರಿಹಾರದ ಕವರ್ ಬೇರೆ.

ಪ್ರಶ್ನೆ: ಶಿವಮೊಗ್ಗದ ಒಂದು ಲಾಡ್ಜಿನ ಜನರೇಟರ್, ಪಂಪ್ ಸರ್ವೀಸ್ ನನ್ನದು, ವರ್ಷದ ಒಪ್ಪಂದ. ನೆಲಮಾಳಿಗೆಗೆ ನೀರು ನುಗ್ಗಿ ಜನರೇಟರ್ ಹಾಳಾದರೆ ನಷ್ಟ ನಾನೇ ಕಟ್ಟಿಕೊಡಬೇಕಂತೆ!

ಉತ್ತರ: ಹಾಗೇ ಸಹಿ ಹಾಕಬೇಡಿ. ಜನರೇಟರ್ ಅವರ ಆಸ್ತಿ, ಅದರ ವಿಮೆ ಅವರೇ ಮಾಡಿಸಲಿ. ಆಸ್ತಿ ಮೌಲ್ಯ 5 ಕೋಟಿವರೆಗೆ ಇರುವ ಉದ್ದಿಮೆಗಳಿಗೆ 2021ರ ಏಪ್ರಿಲ್‌ನಿಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಅನ್ನೋ ಪಾಲಿಸಿ ಇದೆ, ಪ್ರವಾಹವೂ ಅದರಲ್ಲಿ ಸೇರಿದೆ. ನಿಮ್ಮ ನಿರ್ಲಕ್ಷ್ಯದಿಂದ ಆದ ನಷ್ಟಕ್ಕೆ ಮಾತ್ರ ನೀವು ಹೊಣೆ ಅಂತ ತಿದ್ದಿಸಿ. ನೀರೆತ್ತುವ ಪಂಪ್ ಕೆಟ್ಟಿದೆ ಅಂತ ಗೊತ್ತಿದ್ದೂ ರಿಪೇರಿ ಮಾಡದೆ ಬಿಟ್ಟಿದ್ದರೆ ಅದು ನಿರ್ಲಕ್ಷ್ಯವೇ, ಅಲ್ಲಿ ತಪ್ಪಿಸಿಕೊಳ್ಳೋಕೆ ಆಗಲ್ಲ. ಜೂನ್‌ಗೆ ಮೊದಲು ಪಂಪ್ ಓಡಿಸಿ ತೋರಿಸಿ, ಸರ್ವೀಸ್ ರಿಪೋರ್ಟ್ ಮೇಲೆ ಮ್ಯಾನೇಜರ್ ಸಹಿ ತಗೊಳ್ಳಿ.